ಗ್ರೀಸಿನ ದೇವತೆಗಳು, ಡೋಣಿಯ ತೊಟ್ಟಿಲು

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ಕಪ್ಪತಗುಡ್ಡದ ಮಗ್ಗುಲಿಗಿರುವ ಡೋಣಿಯಂಥ ಊರುಗಳಲ್ಲಿ ಮಗುವಿಗೆ ಹೆಸರು ಹುಡುಕುವುದು ಎಂಬ ಕೆಲಸವೇ ಹಿಂದೆ ಇರಲಿಲ್ಲ. ಮಗು ಹುಟ್ಟುವ ಮೊದಲೇ ಹೆಸರು ಮನೆಯಲ್ಲಿರುತ್ತಿತ್ತು. ತೀರಿಕೊಂಡ ಅಜ್ಜನದೋ, ಹರಕೆ ಹೊತ್ತ ದರ್ಗಾದ್ದೋ, ಹುಟ್ಟಿದ ತಿಂಗಳದ್ದೋ. ತೊಟ್ಟಿಲಿಗೆ ಹಾಕಿದ ದಿನ ನೆರೆಹೊರೆಯವರು ಕೇಳುತ್ತಿದ್ದುದು ‘ಏನ್ ಹೆಸರು ಇಟ್ರಿ?’ ಎಂದಲ್ಲ, ‘ಯಾರ ಹೆಸರು ಇಟ್ರಿ?’ ಎಂದು. ಈ ಒಂದು ಪ್ರಶ್ನೆಯಲ್ಲಿ ಒಂದು ಸಮಾಜದ ನೆನಪಿನ ಕ್ರಮವೇ ಅಡಗಿತ್ತು.

ಮುಳಗುಂದದ ಗುಡ್ಡದ ದಾವಲ ಮಲಿಕರಿಗೆ ಹರಕೆ ಹೊತ್ತವರ ಮನೆಯಲ್ಲಿ ದಾವಲಸಾಬ, ದಾವಲಬಿ. ಲಕ್ಷ್ಮೇಶ್ವರದ ದೂದಪೀರಾ ದರ್ಗಾಕ್ಕೆ ನಡೆದುಕೊಳ್ಳುವವರಲ್ಲಿ ದೂದಪೀರಸಾಬ. ನವಲಗುಂದದ ಕಡೆಯ ಯಮನೂರಿಗೆ ಹೋಗಿಬಂದವರಲ್ಲಿ ರಾಜೇಸಾಬ, ಯಮನೂರಸಾಬ. ರಮಜಾನಿನಲ್ಲಿ ಹುಟ್ಟಿದವನು ರಮಜಾನಸಾಬ. ಮುಹಿಯುದ್ದೀನ್ ಎಂಬ ದೊಡ್ಡ ಅರಬಿ ಹೆಸರು ಊರ ಬಾಯಲ್ಲಿ ಸವೆದು ಮೋದಿನಸಾಬ ಆಯಿತು. ಮಹಬೂಬ್ ಮಾಬುಸಾಬನಾದ, ಮಖ್ದೂಮ್ ಮಕ್ತುಂಸಾಬನಾದ. ಬಿತ್ತುವ ಕೂರಿಗೆಯ ಹಿಂದೆ, ಸಂತೆಯ ಮೆಣಸಿನಕಾಯಿ ಚೀಲಗಳ ನಡುವೆ, ಮೊಹರಂ ಹಾಡಿನ ಮೇಳದಲ್ಲಿ ಕೂಗಿ ಕರೆಯಲು ಹದವಾದ ಹೆಸರುಗಳು ಇವು.

ಈಗ ಪ್ರಶ್ನೆ ಬದಲಾಗಿದೆ. ‘ಯಾರಿಗೂ ಇಲ್ಲದ ಹೆಸರು ಬೇಕು, ಎರಡಕ್ಷರದ್ದಿರಬೇಕು, ಫಾರಿನ್ ಹೋದರೂ ನಡೆಯಬೇಕು’ ಎನ್ನುವುದು ಇಂದಿನ ತಂದೆತಾಯಿಗಳ ಬೇಡಿಕೆ. ಊರು ಬಿಟ್ಟು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಮಕ್ಕಳು ಹೆರಿಗೆಗೆಂದು ತವರಿಗೆ ಬರುವಾಗ ಮೊಬೈಲಿನಲ್ಲಿ ಹೆಸರಿನ ಪಟ್ಟಿಯನ್ನೂ ತರುತ್ತಾರೆ. ಆ ಪಟ್ಟಿಗಳಲ್ಲಿ ಈಚೆಗೆ ಗ್ರೀಕ್ ಪುರಾಣದ ಹೆಸರುಗಳಿಗೆ ಬೇಡಿಕೆ ಹೆಚ್ಚಿದಂತೆ ಕಾಣುತ್ತದೆ. ರಿಯಾ, ಥಿಯಾ, ಐರಿಸ್, ಡಾಫ್ನಿ, ಓರಿಯನ್. ಹಿಂದೂ ಮನೆಗಳಲ್ಲಿ ಮಾತ್ರವಲ್ಲ, ನಮ್ಮ ಮನೆಗಳಲ್ಲೂ ಈ ಹೆಸರುಗಳ ಚರ್ಚೆ ನಡೆಯುತ್ತಿದೆ. ಮನೆಯ ಹಿರಿಯರು ಗಾಬರಿಯಾಗುತ್ತಾರೆ, ಕಿರಿಯರು ಸಿಡುಕುತ್ತಾರೆ, ಮೌಲವಿ ಸಾಹೇಬರು ತಲೆಯಾಡಿಸುತ್ತಾರೆ. ಈ ಗಾಬರಿ ಮತ್ತು ಈ ಮೋಹ ಎರಡನ್ನೂ ಸ್ವಲ್ಪ ಬಿಡಿಸಿ ನೋಡುವ ಅಗತ್ಯವಿದೆ ಎಂದು ನಮಗನ್ನಿಸುತ್ತದೆ.

ಗ್ರೀಕ್ ದೇವರುಗಳು ನಮ್ಮೂರುಗಳಿಗೆ ಇವತ್ತೇ ಬಂದವರಲ್ಲ. ಆಕಾಶವನ್ನು ಹೆಗಲ ಮೇಲೆ ಹೊರುವ ಶಿಕ್ಷೆಗೆ ಗುರಿಯಾದ ಅಟ್ಲಾಸ್ ನಮ್ಮ ಹಿರಿಯರಿಗೆ ಸೈಕಲ್ಲಾಗಿ ಪರಿಚಿತ. ಅದರ ಹಿಂದಿನ ಕ್ಯಾರಿಯರ್ ಮೇಲೆ ಅವರು ಹೊತ್ತ ಹಿಟ್ಟಿನ ಚೀಲ, ಹುಲ್ಲಿನ ಹೊರೆಗಳನ್ನು ನೆನೆದರೆ ಹೆಸರು ಸರಿಯಾಗಿಯೇ ಇತ್ತು. ಟೈಟನ್ ಮದುವೆಯಲ್ಲಿ ಅಳಿಯನ ಕೈಗಡಿಯಾರವಾಗಿ ಬಂತು. ಅಪೊಲೊ ಟೈರಾಗಿ, ಆಸ್ಪತ್ರೆಯಾಗಿ ಬಂದ. ವಿಜಯದ ದೇವತೆ ನೈಕಿ ಹುಡುಗರ ಕಾಲಿನ ಬೂಟಿನಲ್ಲಿ ಬಂದಳು. ಆದರೆ ಸರಕಿಗೆ ಹೆಸರಿಡುವುದು ಬೇರೆ, ಮಗುವಿಗೆ ಹೆಸರಿಡುವುದು ಬೇರೆ. ಗಡಿಯಾರ ಮುಂದೆ ದೊಡ್ಡದಾಗಿ ‘ನನಗೆ ಈ ಹೆಸರು ಏಕೆ ಇಟ್ಟಿರಿ?’ ಎಂದು ಕೇಳುವುದಿಲ್ಲ.

ಇದಕ್ಕಿಂತ ಹಳೆಯ ನಂಟು ಇನ್ನೊಂದಿದೆ. ಅದನ್ನು ಮರೆತವರೇ ಹೆಚ್ಚು ಗಾಬರಿಯಾಗುತ್ತಾರೆ. ನಮ್ಮ ಸೀಮೆಯ ಮುಸ್ಲಿಮರಲ್ಲಿ ಸಿಕಂದರ್ ಎಂಬ ಹೆಸರು ಎಷ್ಟು ಸಾಮಾನ್ಯ! ಅದು ಗ್ರೀಕಿನ ಅಲೆಕ್ಸಾಂಡ್ರೋಸ್. ಅರಬರು ಆ ಹೆಸರಿನ ಮೊದಲ ‘ಅಲ್’ ಅನ್ನು ತಮ್ಮ ಭಾಷೆಯ ‘ಅಲ್’ ಎಂದೇ ತಿಳಿದು ಬೇರ್ಪಡಿಸಿದರು. ಉಳಿದದ್ದು ಇಸ್ಕಂದರ್, ಅದು ಪಾರ್ಸಿ ಉರ್ದುಗಳಲ್ಲಿ ಸಿಕಂದರ್ ಆಯಿತು. ಕುರ್‌ಆನಿನ ಕಹ್ಫ್ ಅಧ್ಯಾಯದಲ್ಲಿ ಬರುವ ಝುಲ್‌ಕರ್ನೈನ್ ಈತನೇ ಎಂದು ಕೆಲವು ವ್ಯಾಖ್ಯಾನಕಾರರು ಹೇಳಿದರು. ಅಲ್ಲ, ಅದು ಇರಾನಿನ ಸೈರಸ್ ದೊರೆ ಎಂದು ಮೌಲಾನಾ ಆಝಾದ್ ವಾದಿಸಿದರು. ವಾದ ಏನೇ ಇರಲಿ, ಸಿಕಂದರ್ ಎಂಬ ಹೆಸರಿಗೆ ಮಾತ್ರ ಯಾವ ಅಡ್ಡಿಯೂ ಬರಲಿಲ್ಲ.

ನರ್ಗಿಸ್ ಎಂಬ ಹೆಸರನ್ನು ನೋಡಿ. ಪಾರ್ಸಿಯ ಈ ಹೂವಿನ ಹೆಸರಿಗೂ ಗ್ರೀಕಿನ ನಾರ್ಕಿಸ್ಸೋಸ್‌ಗೂ ನಂಟಿದೆ. ನೀರಿನಲ್ಲಿ ತನ್ನ ಬಿಂಬವನ್ನೇ ನೋಡುತ್ತ ಕರಗಿಹೋದ ಯುವಕ ಆತ. ಮಾಣಿಕ್ಯ ಎಂಬರ್ಥದ ಯಾಕೂತ್, ಗ್ರೀಕಿನ ಹ್ಯಾಕಿಂಥೋಸ್ ಎಂಬ ಮಾತು ಸಿರಿಯಾದ ದಾರಿಯಿಂದ ಅರಬಿಗೆ ಬಂದು ತಳೆದ ರೂಪ. ಪುರಾಣದಲ್ಲಿ ಹ್ಯಾಕಿಂಥೋಸ್ ಅಪೊಲೊ ಎಸೆದ ಚಕ್ರ ತಗುಲಿ ಸತ್ತ ಹುಡುಗ. ವಜ್ರ ಎಂಬರ್ಥದ ಅಲ್ಮಾಸ್‌ನ ಮೂಲ ಗ್ರೀಕಿನ ಅದಮಾಸ್. ಸ್ವರ್ಗದ ಹೆಸರಾದ ಫಿರ್ದೌಸ್ ಹುಟ್ಟಿದ್ದು ಇರಾನಿನಲ್ಲಾದರೂ ಗ್ರೀಕರ ಬಾಯಲ್ಲೂ ಆಡಿ ಬಂದ ಮಾತು. ಮಂಗಳೂರಿನ ಕ್ರೈಸ್ತ ಬಂಧುಗಳಲ್ಲಿ ಡೆನಿಸ್ ಎಂಬ ಹೆಸರು ಮನೆಮನೆಗೂ ಇದೆ. ಅದರ ಬೇರು ಡಯೊನೈಸಸ್ ಎಂಬ ಗ್ರೀಕರ ಮದ್ಯದೇವತೆ. ಅದೇ ಹೆಸರಿನ ಸಂತರು ಕ್ರೈಸ್ತ ಧರ್ಮದಲ್ಲಿ ಆಗಿಹೋದ ಮೇಲೆ ಹೆಸರು ಮಡಿಯಾಯಿತು. ದೇವತೆ ಮರೆತುಹೋದ, ಸಂತ ಉಳಿದ.

ನಮ್ಮ ಹೆಣ್ಣುಮಕ್ಕಳಿಗೆ ಈಚಿನ ಎರಡು ದಶಕಗಳಲ್ಲಿ ಬಹಳ ಪ್ರಿಯವಾದ ಝೋಯಾ ಎಂಬ ಹೆಸರೂ ಗ್ರೀಕಿನದೇ. ‘ಝೋಇ’ ಎಂದರೆ ಬದುಕು, ಅದು ರಷ್ಯದ ಕಡೆ ಝೋಯಾ ಆಯಿತು. ಅರಬಿಯಲ್ಲಿ ಇದಕ್ಕೆ ಹತ್ತಿರದ ಅರ್ಥದ ಹೆಸರು ಯಾವುದು? ಆಯಿಶಾ, ಎಂದರೆ ಬದುಕುವವಳು. ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಆದಿಮಾತೆ ಹವ್ವಾ ಹೆಸರಿನ ಅರ್ಥವನ್ನು ಹಿಡಿದು ಒಂದು ಕಡೆ ಅವಳನ್ನು ಝೋಇ ಎಂದೇ ಕರೆದರು. ಮೊಮ್ಮಗಳಿಗೆ ಝೋಯಾ ಎಂದು ಹೆಸರಿಟ್ಟರೆಂದು ಮುನಿಸಿಕೊಂಡ ಆಯಿಶಾ ಅಜ್ಜಿಗೆ ಯಾರಾದರೂ ಇದನ್ನು ಹೇಳಬೇಕು: ನಿನ್ನ ಹೆಸರನ್ನೇ ಇಟ್ಟಿದ್ದಾರಮ್ಮ, ಭಾಷೆ ಮಾತ್ರ ಬೇರೆ.

ಹೀಗಿರುವಾಗ ಪರಭಾಷೆಯ ಹೆಸರು ಎಂಬ ಕಾರಣಕ್ಕೇ ಯಾವ ಹೆಸರೂ ವರ್ಜ್ಯವಲ್ಲ. ಪ್ರವಾದಿಯವರು ಹೆಸರಿನ ವಿಷಯದಲ್ಲಿ ನೋಡಿದ್ದು ಭಾಷೆಯನ್ನಲ್ಲ, ಅರ್ಥವನ್ನು. ಉಮರ್, ಖಾಲಿದ್, ಹಂಝಾ ಎಂಬವು ಇಸ್ಲಾಮಿಗಿಂತ ಹಿಂದಿನ ಹೆಸರುಗಳು, ಹಾಗೆಯೇ ಉಳಿದವು. ಈಜಿಪ್ಟಿನಿಂದ ಬಂದ ಮಾರಿಯಾ ಮಾರಿಯಾ ಆಗಿಯೇ ಇದ್ದರು. ಆದರೆ ‘ಅವಿಧೇಯಳು’ ಎಂಬರ್ಥದ ಆಸಿಯಾ ಎಂಬ ಹೆಸರಿನವಳನ್ನು ಅವರು ಜಮೀಲಾ ಎಂದು ಕರೆದರು. (ಫಿರ್‌ಔನನ ಪತ್ನಿ ಆಸಿಯಾ ಅವರ ಹೆಸರು ಇದಲ್ಲ. ಅರಬಿಯಲ್ಲಿ ಅದರ ಅಕ್ಷರಗಳೇ ಬೇರೆ, ಕನ್ನಡದಲ್ಲಿ ಬರೆದಾಗ ಒಂದೇ ಆಗಿ ಕಾಣುತ್ತದೆ.) ಹಝ್ನ್, ಅಂದರೆ ಒರಟು ನೆಲ, ಎಂಬ ಹೆಸರಿನ ಒಬ್ಬರಿಗೆ ಸಹ್ಲ್, ಅಂದರೆ ಮೃದು, ಎಂದು ಬದಲಿಸಿಕೊಳ್ಳಲು ಹೇಳಿದರು. ತಂದೆ ಇಟ್ಟ ಹೆಸರನ್ನು ಬಿಡಲಾರೆ ಎಂದು ಆತ ಒಪ್ಪಲಿಲ್ಲ. ಅಂದಿನಿಂದ ಆ ಒರಟುತನ ನಮ್ಮ ಮನೆತನದಲ್ಲಿ ಉಳಿಯಿತು ಎಂದು ಅವರ ಮೊಮ್ಮಗ, ದೊಡ್ಡ ವಿದ್ವಾಂಸರಾದ ಸಈದ್ ಬಿನ್ ಮುಸಯ್ಯಬ್, ಮುಂದೆ ಹೇಳಿಕೊಂಡರು. ಇಲ್ಲಿ ನಾವು ಗಮನಿಸಬೇಕಾದದ್ದು ಎರಡು. ಹೆಸರಿನ ಅರ್ಥಕ್ಕೆ ಬೆಲೆಯಿದೆ. ತಂದೆ ಇಟ್ಟ ಹೆಸರಿನ ಮೇಲಿನ ಮಮತೆಯೂ ಎಷ್ಟು ಬಲವಾದದ್ದೆಂದರೆ ಪ್ರವಾದಿಯವರು ಹೇಳಿದಾಗಲೂ ಒಬ್ಬ ಮನುಷ್ಯ ಹಿಂಜರಿದ, ಅವರು ಅವನನ್ನು ಬಲವಂತ ಮಾಡಲಿಲ್ಲ.

ಪೂಜೆಗೊಂಡ ದೇವತೆಯ ಹೆಸರನ್ನು ಮುಸ್ಲಿಂ ಮಗುವಿಗೆ ಇಡುವುದಕ್ಕೆ ಧಾರ್ಮಿಕ ಆಕ್ಷೇಪ ಇದ್ದೇ ಇದೆ. ಅದನ್ನು ಆಲಿಮರು ವಿವರಿಸುತ್ತಾರೆ. ನಮ್ಮ ಆಕ್ಷೇಪ ಸಾಹಿತ್ಯದ ಕಡೆಯಿಂದ ಬರುವಂಥದ್ದು. ಈ ಹೆಸರಿನ ಪಟ್ಟಿಗಳು ಪುರಾಣವನ್ನು ಓದದೆ ಪುರಾಣದ ಹೆಸರು ಮಾರುತ್ತವೆ ಎಂಬುದು ಅದು. ಡಾಫ್ನಿ ಎಂದಲ್ಲಿ ‘ಸುಂದರ ವೃಕ್ಷ’ ಎಂದಿರುತ್ತದೆ. ಬೆನ್ನಟ್ಟಿ ಬಂದ ಅಪೊಲೊನಿಂದ ಪಾರಾಗಲು ಬೇರೆ ದಾರಿ ಕಾಣದೆ ಆ ಹುಡುಗಿ ಮರವಾಗಿಹೋದಳು ಎಂಬುದು ಅಲ್ಲಿರುವುದಿಲ್ಲ. ಕಸ್ಸಾಂದ್ರ ಎಂದಲ್ಲಿ ‘ಭವಿಷ್ಯ ಬಲ್ಲವಳು’ ಎಂದಿರುತ್ತದೆ. ಅವಳು ಹೇಳಿದ್ದೆಲ್ಲ ನಿಜವಾಗುತ್ತಿತ್ತು, ಆದರೆ ಯಾರೂ ಅವಳನ್ನು ನಂಬಬಾರದೆಂಬ ಶಾಪವಿತ್ತು ಎಂಬುದನ್ನು ಬಿಟ್ಟಿರುತ್ತಾರೆ. ಪೆರ್ಸೆಫೊನಿ ‘ವಸಂತದ ರಾಣಿ’ಯಂತೆ. ಹೂ ಕೊಯ್ಯುತ್ತಿದ್ದಾಗ ಪಾತಾಳದ ಒಡೆಯ ಅವಳನ್ನು ಹೊತ್ತೊಯ್ದ, ಮಗಳನ್ನು ಹುಡುಕುತ್ತ ತಾಯಿ ದಿಮೀಟರ್ ಊರೂರು ಅಲೆದಳು, ಅವಳ ದುಃಖಕ್ಕೆ ಭೂಮಿ ಬರಡಾಯಿತು ಎಂಬ ಕತೆ ಎಲ್ಲಿ ಹೋಯಿತು? ನಮ್ಮ ಒಣಬೇಸಾಯದ ಸೀಮೆಯ ಯಾವ ತಾಯಿಗೆ ಈ ಕತೆ ಹೇಳಿದರೂ ಅವಳ ಕಣ್ಣು ಒದ್ದೆಯಾದೀತು. ಕತೆ ಗೊತ್ತಿಲ್ಲದೆ ಹೆಸರು ಮಾತ್ರ ಕೇಳಿದರೆ ಆ ಹೆಸರು ಅವಳ ಬಾಯಿಗೂ ಬಾರದು, ಎದೆಗೂ ಬಾರದು.

ಕತೆ ಗೊತ್ತಿದ್ದು ಆರಿಸಿದರೆ ಅದೇ ಪುರಾಣದಲ್ಲಿ ಒಳ್ಳೆಯ ಕತೆಗಳೂ ಇವೆ. ರಿಯಾಳ ಗಂಡ ಕ್ರೋನಸ್, ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದ. ಕೊನೆಯ ಮಗುವನ್ನು ಅವಳು ಬಚ್ಚಿಟ್ಟು, ಬಟ್ಟೆಯಲ್ಲಿ ಕಲ್ಲು ಸುತ್ತಿ ಅವನ ಕೈಗೆ ಕೊಟ್ಟಳು. ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟ ಮೂಸಾರ ತಾಯಿಯನ್ನು ಬಲ್ಲವರಿಗೆ, ಸೆರೆಮನೆಯ ದೇವಕಿಯನ್ನು ಬಲ್ಲವರಿಗೆ ಈ ತಾಯಿ ಅಪರಿಚಿತಳೇನಲ್ಲ.

ಗದಗಿನ ನೆಲಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದ ಎಂದು ಹೇಳುವ ಊರು ಅದು. ಅಲ್ಲಿಯ ಸೀಮೆಯಲ್ಲಿ ಭೀಮಪ್ಪ, ಅರ್ಜುನಪ್ಪ, ಧರ್ಮಪ್ಪ ಎಂದು ಹೆಸರಿಟ್ಟವರು ಪಟ್ಟಿ ನೋಡಿ ಇಟ್ಟವರಲ್ಲ. ಗಮಕ ಕೇಳಿ, ಬಯಲಾಟ ನೋಡಿ ಇಟ್ಟವರು. ಅದೇ ಸೀಮೆಯ ಹುಡುಗನೊಬ್ಬ ಭೀಮಸೇನ ಎಂಬ ಹೆಸರು ಹೊತ್ತು ಹಾಡಿ, ಆ ಹೆಸರನ್ನು ಕೇಳಿದೊಡನೆ ಗದೆಯ ಬದಲು ತಂಬೂರಿ ನೆನಪಾಗುವಂತೆ ಮಾಡಿದ. ದುರ್ಯೋಧನನ ಹೆಸರನ್ನು ಯಾರೂ ಇಡಲಿಲ್ಲ, ಏಕೆಂದರೆ ಎಲ್ಲರಿಗೂ ಕತೆ ಗೊತ್ತಿತ್ತು.

ಗ್ರೀಕ್ ಪುರಾಣ ಕನ್ನಡಕ್ಕೆ ಘನತೆಯಿಂದ ಬಂದ ಒಂದು ದಾರಿಯೂ ನಮ್ಮ ಮುಂದಿದೆ. ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ಬರೆದರು. ತನಗೆ ಸಲ್ಲಬೇಕಾದ ಗೌರವ ಇನ್ನೊಬ್ಬನ ಪಾಲಾದಾಗ ಬುದ್ಧಿಗೆಟ್ಟು, ಶತ್ರುಗಳೆಂದು ಭ್ರಮಿಸಿ ಕುರಿದನಗಳನ್ನು ಕಡಿದು, ಎಚ್ಚರವಾದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಗೆ ತಾನೇ ಬಿದ್ದ ವೀರನ ಕತೆ ಅದು. ಮೂಲದಲ್ಲಿ ಆ ವೀರ ತನ್ನ ಹೆಸರಿನಲ್ಲಿಯೇ ಗೋಳಿನ ಸದ್ದು ಇದೆ ಎಂದು ಹಲುಬುತ್ತಾನೆ. ಬಿ.ಎಂ.ಶ್ರೀಯವರು ಆ ಹೆಸರನ್ನು ಅಲ್ಲಿಯೇ ಬಿಟ್ಟು ಅದರ ಸಂಕಟವನ್ನು ಕನ್ನಡಕ್ಕೆ ತಂದರು, ಅದಕ್ಕೆ ನಮ್ಮ ಜನರಿಗೆ ಗೊತ್ತಿರುವ ಅಶ್ವತ್ಥಾಮನ ಹೆಸರು ಕೊಟ್ಟರು. ಇಂದಿನ ಪಟ್ಟಿಗಳು ಮಾಡುವುದು ಇದಕ್ಕೆ ತಿರುಗುಮುರುಗು. ಸಂಕಟವನ್ನು ಅಲ್ಲಿ ಬಿಟ್ಟು ಹೆಸರನ್ನು ಮಾತ್ರ ಇಲ್ಲಿಗೆ ತರುತ್ತವೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಮುಸ್ಲಿಂ ಮನೆಗಳಲ್ಲಿ ಗ್ರೀಕ್ ಹೆಸರಿನ ಆಸೆಗೆ ಫ್ಯಾಶನ್ ಒಂದೇ ಕಾರಣ ಎಂದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಎದುರು ಕೂತು ಸಮಾಧಾನದಿಂದ ಕೇಳಿದರೆ ಆ ಎಳೆಯ ತಂದೆತಾಯಿಗಳು ಇನ್ನೊಂದು ಮಾತು ಹೇಳುತ್ತಾರೆ: ‘ಹೆಸರು ಕೇಳಿದ ತಕ್ಷಣ ಜಾತಿ ಗೊತ್ತಾಗಬಾರದು.’ ದೊಡ್ಡ ಊರುಗಳಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಂ ಕುಟುಂಬಗಳಿಗೆ ಈ ಮಾತಿನ ಅರ್ಥ ವಿವರಿಸಬೇಕಿಲ್ಲ. ಫೋನಿನಲ್ಲಿ ಮನೆ ಖಾಲಿ ಇರುತ್ತದೆ, ಹೆಸರು ಹೇಳಿದ ಮೇಲೆ ‘ನೆನ್ನೆಯೇ ಕೊಟ್ಟುಬಿಟ್ಟೆವಲ್ಲ’ ಎನ್ನುತ್ತಾರೆ. ಶಾಲೆಯ ಹಾಜರಿಯಲ್ಲಿ, ರೈಲಿನ ಚೀಟಿಯಲ್ಲಿ, ಸಂದರ್ಶನದ ಕೋಣೆಯಲ್ಲಿ ಹೆಸರು ನಮಗಿಂತ ಮೊದಲು ಒಳಗೆ ಹೋಗಿ ನಮ್ಮ ಬಗ್ಗೆ ಏನೇನೋ ಹೇಳಿ ಕುಳಿತಿರುತ್ತದೆ. ಮಗುವಿಗಾದರೂ ಇದು ಬೇಡ ಎಂದು ತಾಯಿಯೊಬ್ಬಳು ಐರಿಸ್ ಎಂಬ ಹೆಸರಿನ ಮರೆಗೆ ಸರಿದರೆ ಅವಳನ್ನು ನಗುವ ಹಕ್ಕು ಯಾರಿಗೂ ಇಲ್ಲ. ಸಿನಿಮಾ ರಂಗದಲ್ಲಿ ಯೂಸುಫ್ ಖಾನ್ 1944ರಲ್ಲಿ ದಿಲೀಪ್ ಕುಮಾರ್ ಆಗಿ ಕಾಣಿಸಿಕೊಂಡರು. ಮಹಜಬೀನ್ ಮೀನಾ ಕುಮಾರಿಯಾದರು, ಮುಮ್ತಾಝ್ ಜಹಾನ್ ಮಧುಬಾಲಾ ಆದರು. ಹೆಸರಿನ ಮರೆ ಹೊಸದೇನಲ್ಲ.

ಈ ಮರೆಯ ಬಗ್ಗೆ ಗ್ರೀಕ್ ಪುರಾಣದಲ್ಲೇ ಒಂದು ಕತೆ ಇದೆ. ಗ್ರೀಕ್ ಹೆಸರು ಹುಡುಕುವವರು ಓದಲೇಬೇಕಾದ ಕತೆ ಅದು. ಒಡಿಸ್ಸ್ಯೂಸ್ ಎಂಬ ವೀರ ನರಭಕ್ಷಕನಾದ ಒಕ್ಕಣ್ಣ ರಾಕ್ಷಸನ ಗವಿಯಲ್ಲಿ ಸಿಕ್ಕಿಬೀಳುತ್ತಾನೆ. ಹೆಸರು ಕೇಳಿದಾಗ ‘ಯಾರೂ ಅಲ್ಲ’ ಎಂಬುದೇ ತನ್ನ ಹೆಸರು ಎನ್ನುತ್ತಾನೆ. ರಾತ್ರಿ ರಾಕ್ಷಸನ ಕಣ್ಣಿಗೆ ಕಾದ ಗೂಟ ಚುಚ್ಚುತ್ತಾನೆ. ಆತ ಅರಚಿಕೊಂಡಾಗ ನೆರೆಯವರು ಬಂದು ನಿನಗೆ ಕೇಡು ಮಾಡುತ್ತಿರುವವರು ಯಾರು ಎಂದು ಕೇಳುತ್ತಾರೆ. ‘ಯಾರೂ ಅಲ್ಲ’ ಎಂಬ ಉತ್ತರ ಕೇಳಿ ಹಿಂದಿರುಗುತ್ತಾರೆ. ಹೆಸರಿಲ್ಲದ ಹೆಸರು ಅವನ ಜೀವ ಉಳಿಸಿತು. ಆದರೆ ಹಡಗು ಹತ್ತಿ ದಡ ಬಿಟ್ಟ ಮೇಲೆ ಅವನಿಂದ ತಡೆಯಲಾಗುವುದಿಲ್ಲ. ಜೊತೆಯವರು ಬೇಡ ಬೇಡ ಎಂದರೂ ಕೇಳದೆ ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಎಲ್ಲವನ್ನೂ ಕೂಗಿ ಹೇಳುತ್ತಾನೆ. ರಾಕ್ಷಸ ಆ ಹೆಸರು ಹಿಡಿದು ತನ್ನ ತಂದೆಯಾದ ಸಮುದ್ರದೇವನಲ್ಲಿ ಶಾಪ ಬೇಡುತ್ತಾನೆ. ಒಡಿಸ್ಸ್ಯೂಸ್ ವರ್ಷಗಟ್ಟಲೆ ಕಡಲಲ್ಲಿ ಅಲೆಯಬೇಕಾಗುತ್ತದೆ.

ಅಂದರೆ ‘ಯಾರೂ ಅಲ್ಲ’ ಆಗಿರುವುದು ಗವಿಯಲ್ಲಿ ಸಿಕ್ಕಾಗಿನ ಉಪಾಯ, ಬಾಳುವ ಮನೆ ಅಲ್ಲ. ಮನುಷ್ಯ ಬಹಳ ಹೊತ್ತು ಹೆಸರಿಲ್ಲದೆ ಇರಲಾರ, ಬೆಲೆ ತೆತ್ತಾದರೂ ತಾನು ಯಾರೆಂದು ಹೇಳಿಕೊಳ್ಳುತ್ತಾನೆ. ಇದೇ ಕಾವ್ಯದ ಇನ್ನೊಂದು ಕಡೆ ಒಡಿಸ್ಸ್ಯೂಸನಿಗೆ ಹೆಸರಿಟ್ಟ ಪ್ರಸಂಗವಿದೆ. ಸಾಕಿದ ದಾದಿ ಹಸುಗೂಸನ್ನು ತಾಯಿಯ ತಂದೆಯ ತೊಡೆಯ ಮೇಲಿಟ್ಟು ನೀವೇ ಹೆಸರು ಹುಡುಕಿ ಎನ್ನುತ್ತಾಳೆ. ಇಪ್ಪತ್ತು ವರ್ಷಗಳ ಮೇಲೆ ವೇಷ ಮರೆಸಿಕೊಂಡು ಮನೆಗೆ ಬಂದ ಅವನನ್ನು ಕಾಲಿನ ಗಾಯದ ಕಲೆಯಿಂದ ಗುರುತು ಹಿಡಿಯುವವಳೂ ಅದೇ ದಾದಿ. ಅಜ್ಜನ ತೊಡೆ, ಸಾಕಿದವಳ ಕೈ, ಹಳೆಯ ಕಲೆ. ಗ್ರೀಕರ ಕತೆಯಲ್ಲೂ ಹೆಸರು ಅಂದರೆ ಇದೇ. ಡೋಣಿಯ ತೊಟ್ಟಿಲಿಗೂ ಗ್ರೀಸಿನ ತೊಟ್ಟಿಲಿಗೂ ಇಲ್ಲಿ ಏನೂ ದೂರವಿಲ್ಲ.

ಇನ್ನು ಹೆಸರು ಮರೆಸಿದರೆ ಮನೆ ಸಿಗುತ್ತದೆಯೇ? ಅರ್ಜಿಯಲ್ಲಿ ಮಗುವಿನ ಹೆಸರಿನ ಮುಂದಿನ ಸಾಲು ತಂದೆಯದು, ಅದರ ಮುಂದಿನದು ತಾಯಿಯದು. ಮೂರು ತಲೆಮಾರು ಹೆಸರು ಬದಲಿಸಿದರೂ ಮನೆ ಕೊಡದವನ ಮನಸ್ಸು ಬದಲಾಗುವುದಿಲ್ಲ. ತಪ್ಪು ಅವನಲ್ಲಿರುವಾಗ ತಿದ್ದುಪಡಿ ನಮ್ಮ ಕೂಸಿನ ಹೆಸರಿನಲ್ಲಿ ಏಕೆ? ಈ ಪ್ರಶ್ನೆಯನ್ನು ಮುಸ್ಲಿಮರಲ್ಲದ ಓದುಗರೂ ತಮ್ಮ ಬೀದಿಯಲ್ಲಿ ಕೇಳಬೇಕು ಎಂಬುದು ನಮ್ಮ ವಿನಂತಿ.

ನಮ್ಮೊಳಗೂ ಒಂದು ಲೆಕ್ಕ ಬಾಕಿ ಇದೆ. ದಾವಲಸಾಬ, ಮೋದಿನಸಾಬ ಎಂಬ ಹೆಸರುಗಳನ್ನು ಹಳ್ಳಿಗಮಾರರದೆಂದು ಮೊದಲು ನಾಚಿದವರು ಓದಿದ ನಾವೇ. ಹಾಜರಿ ಕೂಗುವಾಗ ‘ಸಾಬ’ ಎಂಬ ಬಾಲಕ್ಕೆ ತರಗತಿ ನಕ್ಕಾಗ ಅದನ್ನು ಕತ್ತರಿಸಿಕೊಂಡವರೂ ನಾವೇ. ಶುದ್ಧ ಅರಬಿ ಹೆಸರೊಂದೇ ಹೆಸರು ಎಂದು ಹಟ ಹಿಡಿದವರು ಇನ್ನೊಂದು ಕಡೆಯಿಂದ ಅವನ್ನು ಒರೆಸಿದರು. ಅಲ್ಲಾಹನ ಹೊರತು ಇನ್ನೊಬ್ಬರ ದಾಸ್ಯ ಸಾರುವ ಹೆಸರು ಸಲ್ಲದು ಎಂಬುದನ್ನು ಒಪ್ಪೋಣ. ಆದರೆ ಒಬ್ಬ ಸಜ್ಜನ ಹಿರಿಯರ ನೆನಪಿನ ಹೆಸರು ದಾಸ್ಯವಲ್ಲ, ಅದು ಗುರುತು. ಹೀಗೆ ಎರಡು ಕಡೆಯಿಂದಲೂ ನೆಲದ ಹೆಸರುಗಳು ಖಾಲಿಯಾದ ಮೇಲೆ, ಆ ಖಾಲಿ ಜಾಗಕ್ಕೆ ಗ್ರೀಸಿನವರು ಬಂದರೆ ಗ್ರೀಸಿನವರನ್ನು ಬೈದು ಫಲವೇನು?

ಈ ಹೆಸರುಗಳು ಮುಸ್ಲಿಮರ ಸ್ವತ್ತು ಮಾತ್ರ ಆಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಭಾವೈಕ್ಯದ ಮಠವೆಂದು ಹೆಸರಾದ ಶಿರಹಟ್ಟಿಯ ಫಕೀರೇಶ್ವರ ಮಠದ ಭಕ್ತರ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ, ಫಕೀರಗೌಡರು ಇದ್ದಾರೆ. ಅರಬಿಯ ‘ಫಕೀರ್’ಗೆ ಕನ್ನಡದ ‘ಅಪ್ಪ’ ಸೇರಿ ಒಬ್ಬ ಲಿಂಗಾಯತ ರೈತನ ಹೆಸರಾಯಿತು. ಯಮನೂರಿನ ಹೆಸರು ಒಂದು ಮನೆಯಲ್ಲಿ ಯಮನೂರಪ್ಪ, ಪಕ್ಕದ ಮನೆಯಲ್ಲಿ ಯಮನೂರಸಾಬ. ಶಿಶುನಾಳದ ಶರೀಫರು (1819–1889) ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು, ಆದರೆ ಗುರು ಸಿಕ್ಕರೆಂದು ಹೆಸರು ಹೋಗಲಿಲ್ಲ, ಶರೀಫ ಶರೀಫನಾಗಿಯೇ ಉಳಿದ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಮುಂಬಯಿಯ ಸಿನಿಮಾದಲ್ಲಿ ಹಾಡಿ ಮೆರೆದಾಗ ಹೆಸರು ಮರೆಸಲಿಲ್ಲ, ಬದಲಾಗಿ ‘ಕರ್ನಾಟಕಿ’ ಎಂದು ಒಂದು ಮಾತು ಸೇರಿಸಿಕೊಂಡರು. ಹೆಸರು ಕೇಳಿ ಅಂಜುವ ಇಂದಿನ ಕಾಲಕ್ಕೆ ಉತ್ತರ ಗ್ರೀಸಿನಲ್ಲಿ ಇಲ್ಲ, ಈ ತಾಲ್ಲೂಕುಗಳ ಮತದಾರರ ಪಟ್ಟಿಯಲ್ಲೇ ಇದೆ.

ಕತೆ ಬರೆಯುವ ನಮಗೆ ಹೆಸರು ದಿನನಿತ್ಯದ ಪ್ರಶ್ನೆ. ಕನ್ನಡದ ಹಳೆಯ ಕತೆಗಳಲ್ಲಿ ಮುಸ್ಲಿಂ ಪಾತ್ರ ಎಷ್ಟೋ ಸಲ ಬರೀ ‘ಸಾಬಿ’ಯಾಗಿ ಬಂದು ಹೋಗುತ್ತಿತ್ತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನಾದಿರಾ ತನ್ನ ಹೆಸರು ಹೊತ್ತು ಬಂದಾಗ ಓದುಗರು ಆ ಹೆಸರಿನ ಹಿಂದಿನ ಮುಖವನ್ನು ಕಂಡರು. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯ ಮೆಹರುನ್‌ಳನ್ನು, ದೀಪಾ ಭಾಸ್ತಿಯವರ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ, ಜಗತ್ತಿನ ಓದುಗರು ಮೆಹರುನ್ ಎಂದೇ ಓದಿದರು. ಅವಳ ಹೆಸರನ್ನು ಯಾರಿಗೂ ಅರ್ಥವಾಗುವ ಬೇರೊಂದು ಹೆಸರಿಗೆ ಬದಲಿಸಬೇಕೆಂದು ಯಾರೂ ಕೇಳಲಿಲ್ಲ.

ಆದ್ದರಿಂದ ಹೆಸರು ಹುಡುಕುತ್ತಿರುವ ತಂದೆತಾಯಿಗಳಿಗೆ ನಮ್ಮ ಮಾತು ಇಷ್ಟೇ. ಗ್ರೀಕ್ ಹೆಸರು ಮೆಚ್ಚಿದರೆ ಮೊದಲು ಅದರ ಕತೆಯನ್ನು ಪೂರ್ತಿ ಓದಿ. ಆ ಕತೆಯನ್ನು ಮಗುವಿಗೆ ಹತ್ತು ವರ್ಷವಾದಾಗ ಮುಖ ತಪ್ಪಿಸದೆ ಹೇಳಬಲ್ಲಿರಾ ಎಂದು ಕೇಳಿಕೊಳ್ಳಿ. ಮನೆಯ ಅಜ್ಜಿಗೆ ಹೇಳಿ ನೋಡಿ, ಅವರ ಬಾಯಲ್ಲಿ ಆ ಹೆಸರು ಯಾವ ರೂಪ ತಾಳುತ್ತದೆ ಎಂದು ಕೇಳಿಸಿಕೊಳ್ಳಿ. ಅಲೆಕ್ಸಾಂಡ್ರೋಸ್ ಸಿಕಂದರ್ ಆದದ್ದು ಹಾಗೆಯೇ, ಮುಹಿಯುದ್ದೀನ್ ಮೋದಿನಸಾಬ ಆದದ್ದೂ ಹಾಗೆಯೇ. ಅದರ ಜೊತೆಗೆ ನಿಮ್ಮ ಮನೆತನದಲ್ಲಿ ಕೊನೆಯ ದಾವಲಬಿ ಯಾರಿದ್ದರು, ಏನು ಮಾಡಿಕೊಂಡಿದ್ದರು, ಯಾವ ಬರದಲ್ಲಿ ಎಷ್ಟು ಮಕ್ಕಳನ್ನು ಸಾಕಿದರು ಎಂದೂ ಒಮ್ಮೆ ವಿಚಾರಿಸಿ. ಎರಡೂ ಕತೆಗಳನ್ನು ಕೇಳಿದ ಮೇಲೆ ನೀವು ಯಾವ ಹೆಸರಿಟ್ಟರೂ ಅದು ಮಗುವಿಗೆ ಹೊರೆಯಾಗದು. ನೆರೆಯವರು ‘ಯಾರ ಹೆಸರು ಇಟ್ರಿ?’ ಎಂದು ಕೇಳಿದರೆ ಹೇಳಲು ನಿಮ್ಮ ಬಳಿ ಒಂದು ಉತ್ತರವಿರುತ್ತದೆ.